ಪೈಥಾಗೊರಸನ ಪ್ರಮೇಯದ ಹಿಂದಿನ ಕಥೆಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಸಾಫ್ಟ್‌ವೇರ್‌ನವರು, ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಿ" ಅಂದರು. ಕಂಪ್ಯೂಟರ್ ಬಗ್ಗೆ ಇವತ್ತು ಹೇಳಿದ್ದು ಎರಡು ವರ್ಷಕ್ಕೆ ಹಳಸಿಹೋಗುತ್ತದೆ. ಈ ಸಂಚಿಕೆಯನ್ನು ಶಾಲೆಯ ನೂರನೆಯ ವರ್ಷದಲ್ಲಿ ಯಾರಾದರೂ ಧೂಳು ಕೊಡವಿ ತೆರೆದರೂ ಹಳತಾಗದ ವಿಷಯ ಒಂದಿರಲಿ ಎಂದು ನಾನೇ ಬೇರೆ ಆರಿಸಿಕೊಂಡೆ.

ಐವತ್ತು ವರ್ಷದಲ್ಲಿ ಈ ಶಾಲೆಯಿಂದ ಹೊರಗೆ ಹೋದವರಲ್ಲಿ ರೈತರಿದ್ದಾರೆ, ಬಸ್ ಕಂಡಕ್ಟರ್‌ಗಳಿದ್ದಾರೆ, ನರ್ಸ್‌ಗಳು, ಪೊಲೀಸರು, ಮೇಷ್ಟ್ರುಗಳು, ಅಂಗಡಿ ಇಟ್ಟವರು, ಎಲ್ಲರೂ ಇದ್ದಾರೆ. ಓದಿದ ಪದ್ಯಗಳು ಬೇರೆ, ಪಠ್ಯಪುಸ್ತಕಗಳು ಬೇರೆ. ಆದರೆ ಹತ್ತನೆಯ ತರಗತಿ ದಾಟಿದ ಎಲ್ಲರೂ ಒಂದು ಗೇಟು ದಾಟಿಯೇ ಹೋಗಿದ್ದೇವೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ತಲೆಬರಹ ಹಾಕಿ ಬರೆದ ಪೈಥಾಗೊರಸನ ಪ್ರಮೇಯ ಅದು. ಲಂಬಕೋನ ತ್ರಿಭುಜದ ಎರಡು ಬಾಹುಗಳ ಮೇಲೆ ಎರಡು ಚೌಕ ಬರೆದರೆ, ಆ ಎರಡೂ ಸೇರಿ ವಿಕರ್ಣದ ಮೇಲಿನ ದೊಡ್ಡ ಚೌಕಕ್ಕೆ ಸಮ. ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿದರೆ ಇಪ್ಪತ್ತೈದು, ಅದು ಐದರ ವರ್ಗ. ಹಿಂದಿನ ಸಾಲಿನಲ್ಲಿ ಯಾರೋ ತಲೆ ಆಡಿಸುತ್ತಿದ್ದೀರಿ, ಸಂತೋಷ.

ಪ್ರಮೇಯ ಗೊತ್ತು. ಆ ಹೆಸರಿನ ಮನುಷ್ಯನ ಬಗ್ಗೆ ಪಠ್ಯಪುಸ್ತಕದಲ್ಲಿ ಗಡ್ಡ ಬಿಟ್ಟ ಒಂದು ಚಿತ್ರ, ಎರಡು ಸಾಲು. ಆ ಚಿತ್ರವೂ ಅವನನ್ನು ಕಂಡವರು ಬಿಡಿಸಿದ್ದಲ್ಲ.

ಪೈಥಾಗೊರಸ್ ಇದ್ದದ್ದು ನಿಜ. ಸುಮಾರು ಕ್ರಿ.ಪೂ. 570ರಲ್ಲಿ ಸೇಮೋಸ್ ಎಂಬ ಗ್ರೀಕ್ ದ್ವೀಪದಲ್ಲಿ ಹುಟ್ಟಿದ. ನಲವತ್ತರ ಹೊತ್ತಿಗೆ ಊರು ಬಿಟ್ಟು, ಈಗಿನ ಇಟಲಿಯ ದಕ್ಷಿಣ ತುದಿಯಲ್ಲಿರುವ ಕ್ರೋಟನ್ ಎಂಬ ಪಟ್ಟಣಕ್ಕೆ ಹೋಗಿ ಒಂದು ಗುರುಕುಲದಂಥ ಕೂಟ ಕಟ್ಟಿದ. ಅವನು ಬರೆದದ್ದು ಎಂದು ಹೇಳಬಹುದಾದ ಒಂದು ಅಕ್ಷರವೂ ಉಳಿದಿಲ್ಲ. ಬರವಣಿಗೆ ಇಲ್ಲದ ದೊಡ್ಡವರ ಸುತ್ತ ಕಥೆಗಳು ಹೇಗೆ ಹುತ್ತದಂತೆ ಬೆಳೆಯುತ್ತವೆ ಎಂಬುದು ನಮ್ಮ ಹಳ್ಳಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಅವನ ತೊಡೆ ಚಿನ್ನದ್ದಾಗಿತ್ತಂತೆ. ಶಿಷ್ಯರು ಅವರೆಯಂಥ ಕಾಳು ತಿನ್ನಕೂಡದು ಎಂದು ಕಟ್ಟಳೆ ಮಾಡಿದ್ದನಂತೆ. ಕೊನೆಗೆ ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಎದುರಿಗೆ ಆ ಕಾಳಿನ ಹೊಲ ಅಡ್ಡ ಬಂತು, ತುಳಿಯಲು ಮನಸ್ಸಾಗದೆ ಅಲ್ಲೇ ನಿಂತು ಸತ್ತನಂತೆ. ಅವರೆಕಾಯಿ ಸೊಗಡಿನ ಕಾಲದಲ್ಲಿ ನಮ್ಮೂರಿಗೆ ಬಂದಿದ್ದರೆ ಅವನ ಗತಿ ಏನಾಗುತ್ತಿತ್ತೋ!

ಈ ಕಥೆಗಳಲ್ಲಿ ಬಹಳ ಪ್ರಸಿದ್ಧವಾದದ್ದು ಎತ್ತಿನ ಕಥೆ. ಪ್ರಮೇಯ ಹೊಳೆದ ಸಂತೋಷಕ್ಕೆ ಪೈಥಾಗೊರಸ್ ದೇವರಿಗೆ ಎತ್ತು ಬಲಿ ಕೊಟ್ಟ ಎನ್ನುತ್ತದೆ ಅದು. ಕೆಲವರು ಒಂದು ಎತ್ತು ಎನ್ನುತ್ತಾರೆ, ಹೇಳುತ್ತ ಹೇಳುತ್ತ ಅದು ನೂರಾಯಿತು. ಹಿಂದಿನವರೇ ಇದನ್ನು ಪೂರ್ತಿ ನಂಬಲಿಲ್ಲ. ರೋಮಿನ ಸಿಸಿರೊ ಎಂಬ ದೊಡ್ಡ ವಾಗ್ಮಿ, ಬಲಿಪೀಠದ ಮೇಲೆ ರಕ್ತ ಚೆಲ್ಲಲು ಒಪ್ಪದ ಮನುಷ್ಯ ಎತ್ತು ಕಡಿದ ಎಂದರೆ ಹೇಗೆ ನಂಬಲಿ ಎಂಬರ್ಥದಲ್ಲಿ ಸಂಶಯ ಎತ್ತಿದ್ದಾನೆ. ಸಂಶಯ ನ್ಯಾಯವಾದದ್ದೇ. ಪೈಥಾಗೊರಸ್ ಪುನರ್ಜನ್ಮ ನಂಬಿದವನು. ಯಾರೋ ನಾಯಿಮರಿಗೆ ಹೊಡೆಯುತ್ತಿದ್ದಾಗ, ನಿಲ್ಲಿಸು, ಆ ಕೂಗಿನಲ್ಲಿ ನನ್ನ ಸತ್ತ ಗೆಳೆಯನ ದನಿ ಕೇಳುತ್ತಿದೆ ಎಂದನಂತೆ. ಈ ಮಾತು ಅವನ ಕಾಲಕ್ಕೆ ಹತ್ತಿರವಿದ್ದ ಕವಿಯೊಬ್ಬನೇ ಹಾಸ್ಯವಾಗಿ ಹೇಳಿದ್ದು. ಹೀಗಾಗಿ ಎತ್ತಿನ ಕಥೆ ಗಂಟಲಲ್ಲಿ ಇಳಿಯದೆ, ಆಮೇಲೆ ಬಂದ ಪಾರ್ಫಿರಿ ಎಂಬುವನು ಅದು ಹಿಟ್ಟಿನಲ್ಲಿ ಮಾಡಿದ ಎತ್ತು ಎಂದು ಬರೆದ. ನಮ್ಮಲ್ಲೂ ಕೋಳಿ ಕುರಿಯ ಬದಲು ಬೂದುಗುಂಬಳ ಒಡೆಯುವವರಿದ್ದಾರಲ್ಲ, ಹಾಗೆ.

ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಈ ಪ್ರಮೇಯ ಪೈಥಾಗೊರಸನದು ಎನ್ನುವ ಬರಹಗಳೆಲ್ಲ ಅವನು ಸತ್ತು ಕೆಲವು ಶತಮಾನ ಆದಮೇಲಿನವು. ಸುಮಾರು ಕ್ರಿ.ಪೂ. 300ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಯೂಕ್ಲಿಡ್ ತನ್ನ ಗ್ರಂಥದ ಮೊದಲ ಭಾಗದ 47ನೆಯ ಪ್ರಮೇಯವಾಗಿ ಇದನ್ನು ಸಾಧಿಸಿದ್ದಾನೆ, ಆದರೆ ಅಲ್ಲಿ ಯಾರ ಹೆಸರನ್ನೂ ಹೇಳಿಲ್ಲ.

ಹಾಗಾದರೆ ಯಾರದು? ಇನ್ನೂ ಹಿಂದಕ್ಕೆ ಹೋಗಬೇಕು, ಈಗಿನ ಇರಾಕಿಗೆ. ಅಲ್ಲಿನ ಬ್ಯಾಬಿಲೋನಿಯಾದವರು ಹಸಿ ಜೇಡಿಮಣ್ಣಿನ ಬಿಲ್ಲೆಯ ಮೇಲೆ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಅಂಥ ಒಂದು ಬಿಲ್ಲೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ದುಂಡಗಿದೆ. ಅದರ ಮೇಲೆ ಒಂದು ಚೌಕ, ಮೂಲೆಯಿಂದ ಮೂಲೆಗೆ ಎರಡು ಗೆರೆ. ಬಾಹುವಿನ ಪಕ್ಕ 30 ಎಂದಿದೆ. ಕರ್ಣದ ಮೇಲೆ 1, 24, 51, 10. ಅವರ ಲೆಕ್ಕ ಅರವತ್ತರದು. ಗಂಟೆಗೆ ಅರವತ್ತು ನಿಮಿಷ, ನಿಮಿಷಕ್ಕೆ ಅರವತ್ತು ಸೆಕೆಂಡು ಎಂಬ ನಮ್ಮ ರೂಢಿಯೂ ಅವರಿಂದ ಬಂದದ್ದೇ. ಆ ಸಂಖ್ಯೆಯನ್ನು ನಮ್ಮ ದಶಮಾಂಶಕ್ಕೆ ತಿರುಗಿಸಿದರೆ 1.41421296 ಬರುತ್ತದೆ. ಎರಡರ ವರ್ಗಮೂಲ 1.41421356. ವ್ಯತ್ಯಾಸ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಸುಮಾರು ಮೂರೂಮುಕ್ಕಾಲು ಸಾವಿರ ವರ್ಷದ ಹಿಂದೆ, ಮಕ್ಕಳೆ! ಇದು ಮಹಾಪಂಡಿತನ ಗ್ರಂಥವಲ್ಲ, ಅಂಥ ದುಂಡು ಬಿಲ್ಲೆಗಳು ಕಲಿಯುವ ಹುಡುಗರ ಅಭ್ಯಾಸದವು ಎಂಬುದು ವಿದ್ವಾಂಸರ ಅಭಿಪ್ರಾಯ. ಅಂದರೆ ನಾವು ನೋಡುತ್ತಿರುವುದು ಒಬ್ಬ ವಿದ್ಯಾರ್ಥಿಯ ಸ್ಲೇಟು.

ಇನ್ನೊಂದು ಬಿಲ್ಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ, ಪ್ಲಿಂಪ್ಟನ್ 322 ಎಂದು ಹೆಸರು. ಸುಮಾರು ಕ್ರಿ.ಪೂ. 1800ರದು. ಹದಿನೈದು ಸಾಲು, ಬರೀ ಸಂಖ್ಯೆ. ಪ್ಲಿಂಪ್ಟನ್ ಎಂಬ ಪುಸ್ತಕ ಪ್ರಕಾಶಕರು ಅದನ್ನು ಕೊಂಡಿದ್ದರು. ಅದು ವ್ಯಾಪಾರದ ಲೆಕ್ಕವಲ್ಲ, ಲಂಬಕೋನ ತ್ರಿಭುಜದ ಲೆಕ್ಕ ಎಂದು 1945ರಲ್ಲಿ ನೋಯ್‌ಗೆಬಾವರ್ ಮತ್ತು ಸ್ಯಾಕ್ಸ್ ಎಂಬ ವಿದ್ವಾಂಸರು ತೋರಿಸಿದರು. ನಾಲ್ಕನೆಯ ಸಾಲಿನಲ್ಲಿ ಒಂದು ಬಾಹು 12709, ಕರ್ಣ 18541. ಉಳಿದ ಬಾಹು 13500 ಆಗುತ್ತದೆ. ಮನೆಗೆ ಹೋಗಿ ಮೊಬೈಲಿನಲ್ಲಿ ಗುಣಿಸಿ ನೋಡಿ, ಕೂದಲೆಳೆಯಷ್ಟೂ ತಪ್ಪಿಲ್ಲ. ಬೇರೆ ಕೆಲವು ಸಾಲುಗಳಲ್ಲಿ ಬರೆದವನ ಕೈತಪ್ಪುಗಳೂ ಇವೆ. ಅವನ್ನು ನೋಡಿದಾಗ ನನಗೆ ಅವನ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಈಗ ನಮ್ಮ ದೇಶಕ್ಕೆ ಬರೋಣ. ವಾಟ್ಸ್‌ಆ್ಯಪ್‌ನಲ್ಲಿ ವರ್ಷಕ್ಕೆರಡು ಸಲ ಬರುವ ಒಂದು ಸಂದೇಶ ಇದೆ: ಪೈಥಾಗೊರಸ್ ನಮ್ಮಿಂದ ಕದ್ದ, ನಿಜವಾದ ಒಡೆಯ ಬೌಧಾಯನ ಎಂದು. ಇದರಲ್ಲಿ ಅರ್ಧ ನಿಜ, ಆ ಅರ್ಧ ಬಹಳ ದೊಡ್ಡ ನಿಜ. ಬೌಧಾಯನರ ಶುಲ್ಬಸೂತ್ರ ಕ್ರಿ.ಪೂ. 800ರಿಂದ 500ರ ನಡುವಿನದು ಎಂದು ವಿದ್ವಾಂಸರು ಎಣಿಸುತ್ತಾರೆ. ಶುಲ್ಬ ಎಂದರೆ ಹಗ್ಗ. ಯಜ್ಞವೇದಿಯನ್ನು ಹಗ್ಗ, ಗೂಟ, ಇಟ್ಟಿಗೆಗಳಿಂದ ಅಳತೆ ತಪ್ಪದೆ ಕಟ್ಟುವುದು ಹೇಗೆ ಎಂಬ ಕೈಪಿಡಿ ಅದು. ಹಾರುವ ಗಿಡುಗದ ಆಕಾರದ ವೇದಿ, ಐದು ವರಸೆ, ವರಸೆಗೆ ಇನ್ನೂರರಂತೆ ಸಾವಿರ ಇಟ್ಟಿಗೆ. ಆಕಾರ ಬದಲಾದರೂ ವಿಸ್ತೀರ್ಣ ಬದಲಾಗಕೂಡದು. ಎರಡು ಚೌಕಗಳಷ್ಟೂ ಜಾಗ ಒಂದೇ ಚೌಕದಲ್ಲಿ ಬರಬೇಕೆಂದರೆ ಅದರ ಬಾಹು ಎಷ್ಟಿರಬೇಕು? ಅಲ್ಲಿ ಈ ಪ್ರಮೇಯ ಬೇಕೇ ಬೇಕು. ಆಯತದ ಉದ್ದ ಮತ್ತು ಅಗಲ ಬೇರೆಬೇರೆಯಾಗಿ ಉಂಟುಮಾಡುವ ಎರಡು ಕ್ಷೇತ್ರಗಳನ್ನು ಅದರ ಕರ್ಣದ ಹಗ್ಗ ಒಂದೇ ಉಂಟುಮಾಡುತ್ತದೆ ಎಂಬ ಅರ್ಥದ ಸೂತ್ರ ಅಲ್ಲಿದೆ. 3-4, 5-12, 8-15, 7-24, 12-35 ಎಂದು ಉದಾಹರಣೆಗಳೂ ಇವೆ. ಎರಡರ ವರ್ಗಮೂಲಕ್ಕೆ ಅವರು ಕೊಟ್ಟ ವಿಧಾನ ಹೀಗೆ: ಒಂದಕ್ಕೆ ಅದರ ಮೂರನೆಯ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೆಯ ಒಂದು ಭಾಗ ಸೇರಿಸು, ಕೊನೆಯದರ ಮೂವತ್ತನಾಲ್ಕನೆಯ ಒಂದು ಭಾಗ ಕಳೆ. 1.4142157 ಬರುತ್ತದೆ, ಐದು ದಶಮಾಂಶದವರೆಗೆ ಸರಿ.

ಹೀಗೆ ಯಾವುದೋ ಒಂದು ತ್ರಿಭುಜಕ್ಕಲ್ಲದೆ ಎಲ್ಲ ಆಯತಕ್ಕೂ ಅನ್ವಯಿಸುವಂತೆ, ಮಾತಿನಲ್ಲಿ ಹೇಳಿದ ಹಳೆಯ ದಾಖಲೆಗಳಲ್ಲಿ ಇದು ಬಹಳ ಮುಂಚಿನದು. ಇದರ ಹೆಮ್ಮೆ ನಮಗಿರಲಿ. ಆದರೆ ಪೈಥಾಗೊರಸ್ ಇಲ್ಲಿಗೆ ಬಂದು ಕದ್ದ ಎನ್ನುವುದಕ್ಕೆ ಪುರಾವೆ ಇಲ್ಲ. ಬ್ಯಾಬಿಲೋನಿಯಾದ ಬಿಲ್ಲೆಗಳು ಶುಲ್ಬಸೂತ್ರಕ್ಕಿಂತ ಸಾವಿರ ವರ್ಷ ಹಳೆಯವು ಎಂಬುದನ್ನು ಮುಚ್ಚಿಡಲೂ ಆಗುವುದಿಲ್ಲ. ಬೌಧಾಯನರ ದೊಡ್ಡತನಕ್ಕೆ ಇನ್ನೊಬ್ಬರನ್ನು ಕಳ್ಳರನ್ನಾಗಿ ಮಾಡುವ ಅಗತ್ಯವೇ ಇಲ್ಲ. ಇಲ್ಲಿ ಕೂತಿರುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನೀವು ಪುಸ್ತಕ ಓದುವ ಮೊದಲೇ ಫೋನು ಓದುತ್ತೀರಿ.

ಈಜಿಪ್ಟಿನವರು ಹನ್ನೆರಡು ಗಂಟಿನ ಹಗ್ಗದಿಂದ ಮೂರು-ನಾಲ್ಕು-ಐದರ ತ್ರಿಭುಜ ಮಾಡಿ ಪಿರಮಿಡ್ಡಿನ ಮೂಲೆ ಹಿಡಿದರು ಎಂಬುದನ್ನೂ ಕೇಳಿರುತ್ತೀರಿ. ಅಲ್ಲಿ ಹಗ್ಗ ಎಳೆದು ಅಳೆಯುವವರು ಇದ್ದದ್ದು ನಿಜ. ಅವರು ಆ ತ್ರಿಭುಜ ಬಳಸಿದರು ಎಂಬುದು ಮಾತ್ರ 19ನೆಯ ಶತಮಾನದಲ್ಲಿ ಕ್ಯಾಂಟರ್ ಎಂಬ ಜರ್ಮನ್ ಇತಿಹಾಸಕಾರ ಮಾಡಿದ ಊಹೆ. ಊಹೆ ಎಂದೇ ಬರೆದದ್ದು ಮುಂದೆ ಸತ್ಯಕಥೆಯಾಗಿ ಓಡಾಡಿತು.

ಹಗ್ಗ, ಗೂಟ ಎಂದಾಗ ನನಗೆ ಅಪ್ಪನ ನೆನಪಾಗುತ್ತದೆ. ಅವರು ಇಲ್ಲೇ ಕೂತಿದ್ದಾರೆ, ನಾಚಿಕೊಳ್ಳುತ್ತಾರೆ, ತಿರುಗಿ ನೋಡಬೇಡಿ. ಅಪ್ಪ ಗಾರೆ ಕೆಲಸದವರು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಮನೆಯ ಪಾಯಕ್ಕೆ ಗುರುತು ಹಾಕಲು ಟೇಪಿನ ತುದಿ ಹಿಡಿಯಲು ನನ್ನನ್ನು ಕರೆದುಕೊಂಡು ಹೋಗಿದ್ದರು. ದಾರದ ಮೇಲೆ ಒಂದು ಕಡೆ ಆರು ಅಡಿಗೆ ಗುರುತು, ಇನ್ನೊಂದು ಕಡೆ ಎಂಟು ಅಡಿಗೆ. ಆ ಎರಡು ಗುರುತಿನ ನಡುವೆ ಟೇಪು ಹಿಡಿದು, ಸರಿಯಾಗಿ ಹತ್ತು ಬರುವವರೆಗೆ ಗೂಟ ಅತ್ತ ಇತ್ತ ಸರಿಸಿದರು.

"ಹತ್ತೇ ಯಾಕಪ್ಪ ಬರಬೇಕು?" ಅಂದೆ.

"ಹತ್ತು ಬಂದ್ರೆ ಮೂಲೆ ಮಟ್ಟ ಕೂರುತ್ತೆ ಕಣೋ. ಒಂಬತ್ತೂಮುಕ್ಕಾಲು ಬಂದ್ರೆ ಗೋಡೆ ಒಳಕ್ಕೆ ಎಳೀತದೆ. ನಮ್ಮ ಮೇಸ್ತ್ರಿ ನಂಗೆ ಹಂಗೇ ಹೇಳ್ಕೊಟ್ಟಿದ್ದು."

"ಇದನ್ನ ಪೈಥಾಗೊರಸ್ ಅನ್ನೋನು ಕಂಡುಹಿಡಿದ ಅಂತ ನಮ್ಮ ಪುಸ್ತಕದಲ್ಲಿದೆ."

"ಹೌದಾ? ಅವನೂ ಗಾರೆ ಕೆಲಸದವನಾ?"

ಈ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಒಂದು ವಿಷಯ ಮಾತ್ರ ಆಮೇಲೆ ತಿಳಿಯಿತು. ಅಪ್ಪ ಬಳಸುತ್ತಿದ್ದದ್ದು ಪೈಥಾಗೊರಸನ ಪ್ರಮೇಯ ಅಲ್ಲ, ಅದರ ವಿಲೋಮ. ಮೂಲೆ ಲಂಬವಾಗಿದ್ದರೆ ಲೆಕ್ಕ ಕೂಡುತ್ತದೆ ಎನ್ನುವುದು ಪ್ರಮೇಯ. ಲೆಕ್ಕ ಕೂಡಿದರೆ ಮೂಲೆ ಲಂಬವಾಗಿಯೇ ಇರುತ್ತದೆ ಎನ್ನುವುದು ವಿಲೋಮ. ಎರಡೂ ಒಂದೇ ಎನಿಸುತ್ತದೆ, ಆದರೆ ಒಂದಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ ಎಂದ ಮಾತ್ರಕ್ಕೆ ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿದೆ ಎನ್ನಲಾಗದು, ಅಮ್ಮ ನೀರು ಚಿಮುಕಿಸಿರಬಹುದು. ಅದಕ್ಕೇ ಯೂಕ್ಲಿಡ್ 47ರಲ್ಲಿ ಪ್ರಮೇಯ ಮುಗಿಸಿ, 48ರಲ್ಲಿ ವಿಲೋಮವನ್ನು ಬೇರೆಯಾಗಿ ಸಾಧಿಸಿದ. ಊರಿನ ಎಷ್ಟೋ ಗೋಡೆ ನಿಂತಿರುವುದು 48ರ ಮೇಲೆ.

ಅಪ್ಪನಿಗೆ ಅವರ ಮೇಸ್ತ್ರಿ ಕೊಟ್ಟದ್ದು "ಹೀಗೆ ಮಾಡು". ನನಗೆ ಈ ಶಾಲೆ ಕೊಟ್ಟದ್ದು "ಯಾಕೆ". ಆ ಯಾಕೆಗೆ ಪಠ್ಯದಲ್ಲಿರುವ ಸಾಧನೆಗಿಂತ ಸುಲಭದ್ದೊಂದು ಚೀನಾದಲ್ಲಿ ಸಿಗುತ್ತದೆ. ಝೌಬಿ ಎಂಬ ಅವರ ಹಳೆಯ ಗ್ರಂಥಕ್ಕೆ ಮೂರನೆಯ ಶತಮಾನದಲ್ಲಿ ಝಾವೋ ಶುವಾಂಗ್ ಎಂಬುವನು ವ್ಯಾಖ್ಯಾನ ಬರೆದು, ಚಿತ್ರದ ಮೂಲಕ ವಿವರಿಸಿದ್ದಾನೆ. 2002ರಲ್ಲಿ ಬೀಜಿಂಗಿನಲ್ಲಿ ನಡೆದ ಗಣಿತಜ್ಞರ ವಿಶ್ವ ಸಮ್ಮೇಳನದ ಲಾಂಛನಕ್ಕೂ ಆ ಚಿತ್ರವೇ ಆಧಾರ. ಆ ದಾರಿಯ ಒಂದು ಸಾಧನೆಯನ್ನು ನಾನು ರಟ್ಟಿನಲ್ಲಿ ಕತ್ತರಿಸಿ ತಂದಿದ್ದೇನೆ. ಓದುವವರು ಮನೆಯಲ್ಲಿ ಮಾಡಿ ನೋಡಬಹುದು.

ಏಳು ಅಂಗುಲದ ಒಂದು ಚೌಕ ತೆಗೆದುಕೊಳ್ಳಿ, ಅದರ ವಿಸ್ತೀರ್ಣ 49. ಮೂರು, ನಾಲ್ಕು, ಐದು ಅಂಗುಲದ ಲಂಬಕೋನ ತ್ರಿಭುಜ ನಾಲ್ಕು ಕತ್ತರಿಸಿ. ಒಂದೊಂದರ ವಿಸ್ತೀರ್ಣ 6, ನಾಲ್ಕೂ ಸೇರಿ 24. ಚೌಕದ ನಾಲ್ಕು ಮೂಲೆಗೆ ಒಂದೊಂದು ತ್ರಿಭುಜದ ಲಂಬಕೋನ ಬರುವಂತೆ, ಒಂದರ ಮೂರು ಮುಗಿದಲ್ಲಿ ಇನ್ನೊಂದರ ನಾಲ್ಕು ಶುರುವಾಗುವಂತೆ ಇಡಿ. ನಡುವೆ ಓರೆಯಾಗಿ ಒಂದು ಚೌಕ ಖಾಲಿ ಉಳಿಯುತ್ತದೆ. ಅದರ ಬಾಹು ವಿಕರ್ಣ, ವಿಸ್ತೀರ್ಣ 49ರಲ್ಲಿ 24 ಕಳೆದು 25. ಈಗ ಅದೇ ನಾಲ್ಕು ತ್ರಿಭುಜಗಳನ್ನು ಎರಡೆರಡಾಗಿ ಜೋಡಿಸಿ ಎರಡು ಆಯತ ಮಾಡಿ ಎದುರುಬದುರು ಮೂಲೆಗೆ ತಳ್ಳಿ. ಖಾಲಿ ಉಳಿಯುವುದು ಎರಡು ಚೌಕ, ಒಂದು ಮೂರರದು, ಇನ್ನೊಂದು ನಾಲ್ಕರದು. ಚೌಕ ಅದೇ, ತ್ರಿಭುಜಗಳು ಅವೇ, ಆದ್ದರಿಂದ ಖಾಲಿ ಜಾಗವೂ ಅಷ್ಟೇ ಇರಬೇಕಲ್ಲ? ಮೂರು ನಾಲ್ಕರ ಬದಲು ಯಾವ ಅಳತೆ ಹಾಕಿದರೂ ಈ ಮಾತು ನಿಲ್ಲುತ್ತದೆ. ಸಾಧನೆ ಮುಗಿಯಿತು, ಬಾಯಿಪಾಠಕ್ಕೆ ಏನೂ ಇಲ್ಲ.

ಇನ್ನೊಂದು ಕಥೆ ಸಮುದ್ರದ್ದು. ಪೈಥಾಗೊರಸನ ಕೂಟದವರು ಜಗತ್ತೆಲ್ಲ ಸಂಖ್ಯೆ ಎಂದು ನಂಬಿದವರು. ಸಂಖ್ಯೆ ಎಂದರೆ ಪೂರ್ಣಸಂಖ್ಯೆ, ಅವುಗಳ ಅನುಪಾತ. ಒಂದು ಅಡಿ ಬಾಹುವಿನ ಚೌಕದ ಕರ್ಣ ಎಷ್ಟು? ಎರಡರ ವರ್ಗಮೂಲ. ಅದನ್ನು ಯಾವ ಭಿನ್ನರಾಶಿಯಾಗಿಯೂ ಬರೆಯಲಾಗದು ಎಂದು ಅವರಲ್ಲೇ ಯಾರಿಗೋ ಹೊಳೆಯಿತು. ತಮ್ಮದೇ ಪ್ರಮೇಯ ತಮ್ಮ ನಂಬಿಕೆಯ ಬುಡಕ್ಕೆ ಕೊಡಲಿ ಹಾಕಿತ್ತು. ಈ ಗುಟ್ಟನ್ನು ಹೊರಗೆ ಹೇಳಿದ ಹಿಪ್ಪಾಸಸ್ ಸಮುದ್ರದಲ್ಲಿ ಮುಳುಗಿ ಸತ್ತ, ಕೂಟದವರೇ ದೋಣಿಯಿಂದ ತಳ್ಳಿದರು ಎಂದು ಕಥೆ. ಇದನ್ನು ಹೇಳುವ ಇಯಾಂಬ್ಲಿಕಸ್ ಎಷ್ಟೋ ಶತಮಾನ ಆಮೇಲಿನವನು. ಅವನದೇ ಒಂದು ಪಾಠದಲ್ಲಿ ಹಿಪ್ಪಾಸಸ್ ಮುಳುಗಿದ್ದು ಹನ್ನೆರಡು ಮುಖದ ಘನಾಕೃತಿಯ ಗುಟ್ಟು ಹೇಳಿದ್ದಕ್ಕೆ. ಕೊಲೆ ನಡೆಯಿತೆಂದು ನಾನು ನಂಬುವುದಿಲ್ಲ. ಆದರೆ ಆ ಸಂಖ್ಯೆಯ ಕಾಟ ನಿಜ. ನನ್ನ ಕಂಪ್ಯೂಟರಿಗೂ ಎರಡರ ವರ್ಗಮೂಲ ಪೂರ್ತಿ ಗೊತ್ತಿಲ್ಲ. ಸಾಮಾನ್ಯವಾಗಿ ಹದಿನೈದು ಹದಿನಾರು ಅಂಕಿಯವರೆಗೆ ಇಟ್ಟುಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಅದರ ಪಕ್ಕ ಬೌಧಾಯನರ ಐದು ದಶಮಾಂಶ ಕಡಿಮೆಯೇನಲ್ಲ.

ನಮ್ಮ ನಾಡಿನ ಪಾಲು ಹೇಳದೆ ಹೋದರೆ ತಪ್ಪಾಗುತ್ತದೆ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಯಾವ ಎರಡು ಸಂಖ್ಯೆ ಕೊಟ್ಟರೂ ಅದರಿಂದ ಲಂಬಕೋನದ ಮೂರು ಅಳತೆ ಹುಟ್ಟಿಸುವ ವಿಧಾನ ಅದರಲ್ಲಿದೆ. ವರ್ಗಗಳ ವ್ಯತ್ಯಾಸ ಒಂದು, ಗುಣಲಬ್ಧದ ಎರಡರಷ್ಟು ಇನ್ನೊಂದು, ವರ್ಗಗಳ ಮೊತ್ತ ಕರ್ಣ. 2 ಮತ್ತು 1 ಕೊಟ್ಟರೆ 3, 4, 5. 3 ಮತ್ತು 2 ಕೊಟ್ಟರೆ 5, 12, 13. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಎಂದು ಕನ್ನಡದಲ್ಲೇ ಗಣಿತ ಬರೆದ. ಕನ್ನಡದಲ್ಲಿ ಲೆಕ್ಕ ಹೇಳುವುದು ಕಷ್ಟ ಎನ್ನುವವರಿಗೆ ಎಂಟುನೂರು ವರ್ಷ ಹಳೆಯ ಉತ್ತರ ಅದು.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ ಊರು ನಮ್ಮ ವಿಜಯಪುರವೋ ಮಹಾರಾಷ್ಟ್ರದ ಕಡೆಯದೋ ಎಂಬ ವಾದ ಮುಗಿದಿಲ್ಲ, ನಾವಿಲ್ಲಿ ಮುಗಿಸುವುದೂ ಬೇಡ. ಅವರು ಒಂದು ಚಿತ್ರ ಬಿಡಿಸಿ "ನೋಡು" ಎಂದಷ್ಟೇ ಬರೆದು ಪ್ರಮೇಯ ಸಾಧಿಸಿದರು ಎಂದು ಎಷ್ಟೋ ಪುಸ್ತಕಗಳಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಅವರ ಬೀಜಗಣಿತದಲ್ಲಿ ಲೆಕ್ಕವನ್ನು ಬಿಡಿಸಿಯೇ ತೋರಿಸಿದ್ದಾರೆ. ಮಗಳು ಲೀಲಾವತಿಯ ಮದುವೆಯ ಮುಹೂರ್ತ ಅಳೆಯುವ ನೀರಿನ ಬಟ್ಟಲಿಗೆ ಮುತ್ತು ಬಿದ್ದು ತೂತು ಮುಚ್ಚಿ ಮುಹೂರ್ತ ತಪ್ಪಿತೆಂಬ ಕಥೆ, ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ ಬಂದದ್ದು. ಆ ಹುಡುಗಿ ಇದ್ದಳೋ ಇಲ್ಲವೋ, ಅವಳ ಹೆಸರಿನ ಪುಸ್ತಕದ ಲೆಕ್ಕಗಳಂತೂ ಇವೆ.

ನನ್ನ ಕೆಲಸದಲ್ಲಿ ಇದು ಎಲ್ಲಿ ಬರುತ್ತದೆ ಎಂದು ಕೇಳುತ್ತೀರಿ. ದಿನಾ ಬರುತ್ತದೆ. ನಕ್ಷೆಯ ಮೇಲೆ ಎರಡು ಜಾಗದ ನಡುವಿನ ದೂರ ಬೇಕಾದರೆ, ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ತೆಗೆದು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುವುದು. ಯಾವುದು ಹತ್ತಿರ ಎಂದಷ್ಟೇ ಬೇಕಿದ್ದರೆ ವರ್ಗಮೂಲವನ್ನೂ ತೆಗೆಯುವುದಿಲ್ಲ, ವರ್ಗಗಳನ್ನೇ ಹೋಲಿಸಿ ಸಮಯ ಉಳಿಸುತ್ತೇವೆ. ಆದರೆ ಇಲ್ಲಿಂದ ದೆಹಲಿಗೆ ಈ ಲೆಕ್ಕ ನಡೆಯದು. ಪ್ರಮೇಯ ಸಪಾಟು ಕಾಗದದ್ದು, ಭೂಮಿ ಗುಂಡಗಿದೆ. ಅದಕ್ಕೆ ಸೂತ್ರವೇ ಬೇರೆ.

ಕೊನೆಯದಾಗಿ ಹೈಸ್ಕೂಲು ಮಕ್ಕಳ ವಿಷಯ. ಈ ಪ್ರಮೇಯಕ್ಕೆ ಮುನ್ನೂರಕ್ಕೂ ಹೆಚ್ಚು ಸಾಧನೆಗಳನ್ನು ಲೂಮಿಸ್ ಎಂಬ ಮೇಷ್ಟ್ರು ಒಂದು ಪುಸ್ತಕದಲ್ಲಿ ಕೂಡಿಸಿಟ್ಟರು. ಅದರಲ್ಲಿ, ತ್ರಿಕೋನಮಿತಿಯಿಂದ ಇದನ್ನು ಸಾಧಿಸಲಾಗದು, ಏಕೆಂದರೆ ತ್ರಿಕೋನಮಿತಿಯೇ ಈ ಪ್ರಮೇಯದ ಮೇಲೆ ನಿಂತಿದೆ ಎಂದರು. 2009ರಲ್ಲಿ ಜಿಂಬಾ ಎಂಬುವರು ಆಗುತ್ತದೆ ಎಂದು ತೋರಿಸಿದರು. ಆಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಕ್ಯಾಲ್ಸಿಯಾ ಜಾನ್ಸನ್, ನೆಕಿಯಾ ಜಾಕ್ಸನ್ ಎಂಬ ಇಬ್ಬರು ಹೈಸ್ಕೂಲು ಹುಡುಗಿಯರು, ತಮ್ಮ ಶಾಲೆಯ ಗಣಿತ ಸ್ಪರ್ಧೆಯ ಒಂದು ಹೆಚ್ಚುವರಿ ಪ್ರಶ್ನೆಯ ಬೆನ್ನು ಹತ್ತಿ ಹೊಸ ದಾರಿಗಳನ್ನು ಕಂಡರು. 2023ರಲ್ಲಿ ಗಣಿತಜ್ಞರ ಸಭೆಯಲ್ಲಿ ನಿಂತು ಹೇಳಿದರು, 2024ರಲ್ಲಿ ದೊಡ್ಡ ಗಣಿತ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ನಾಲ್ಕು ಸಾವಿರ ವರ್ಷ ಮನುಷ್ಯರು ಉಜ್ಜಿದ ಪಾತ್ರೆಯಲ್ಲೂ ಅವರಿಗೆ ಏನೋ ಉಳಿದಿತ್ತು.

ಊಟದ ಗಂಟೆ ಹತ್ತಿರ ಬಂತು, ಸಾರಿನ ವಾಸನೆ ನನಗೂ ಬರುತ್ತಿದೆ. ಲೀಲಾವತಿಯ ಒಂದು ಲೆಕ್ಕ ನನ್ನ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಕೆರೆಯಲ್ಲಿ ಒಂದು ತಾವರೆ, ನೀರಿನಿಂದ ಅರ್ಧ ಮೊಳ ಮೇಲೆ ನೇರ ನಿಂತಿದೆ. ಗಾಳಿ ಬೀಸಿ ನಿಧಾನವಾಗಿ ಬಾಗಿ, ನಿಂತ ಜಾಗದಿಂದ ಎರಡು ಮೊಳ ಆಚೆ ಸರಿಯಾಗಿ ನೀರಿನ ಮಟ್ಟಕ್ಕೆ ಮುಟ್ಟಿ ಮುಳುಗಿತು. ಬುಡ ಅಲುಗಿಲ್ಲ. ಕೆರೆಯ ಆಳ ಎಷ್ಟು? ಮಕ್ಕಳೆ, ಉತ್ತರ ಬಂದವರು ಊಟದ ಪಂಕ್ತಿಯಲ್ಲಿ ನನ್ನ ಕಿವಿಯಲ್ಲಿ ಹೇಳಿ. ದೊಡ್ಡವರೂ ಹೇಳಬಹುದು.